ಕೆರ್ಬಲ್ 2 ಕೊಡಿಸಲಾ, ಬೇಡವಾ?

ಪ್ರಶ್ನೆ: ನಮಸ್ಕಾರ ಸರ್. ನಾನು ಸಾಗರದಲ್ಲಿ ಹೈಸ್ಕೂಲ್ ವಿಜ್ಞಾನ ಟೀಚರ್. ಮಗ ಪಿಯುಸಿ ಓದುತ್ತಿದ್ದಾನೆ. ಚಂದ್ರಯಾನ-3 ಇಳಿದ ದಿನದಿಂದ ಅವನಿಗೆ ರಾಕೆಟ್ ಹುಚ್ಚು. ಗೆಳೆಯನ ಮನೆಯಲ್ಲಿ ‘ಕೆರ್ಬಲ್ ಸ್ಪೇಸ್ ಪ್ರೋಗ್ರಾಂ’ ಅನ್ನುವ, ರಾಕೆಟ್ ಕಟ್ಟಿ ಹಾರಿಸುವ ಕಂಪ್ಯೂಟರ್ ಆಟ ಆಡಿ ಬಂದಿದ್ದಾನೆ. ಈಗ ಅದರ ಎರಡನೇ ಭಾಗ ಕೊಡಿಸು ಅಂತ ಹಟ. ‘ಹೊಸದು ಇರುವಾಗ ಹಳೇದು ಯಾಕಮ್ಮ’ ಅನ್ನುತ್ತಾನೆ. ಆದರೆ ಎರಡನೇ ಭಾಗ ಆಡಿದವರ ಅಭಿಪ್ರಾಯ ಓದಿದರೆ ಬರೀ ಬೈಗುಳ. ಒಂದು ಆಟಕ್ಕೆ ಇಷ್ಟು ಸಿಟ್ಟು ಬೇಕಾ? ನಿಜವಾಗಿ ಏನಾಯಿತು? ಕೊಡಿಸಲಾ, ಬೇಡವಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ ಮೇಡಂ. ಎರಡನೆಯದು ಬೇಡ. ಮೊದಲನೆಯದನ್ನೇ ಕೊಡಿಸಿ, ಅದೂ ರಿಯಾಯಿತಿ ಬಂದಾಗ. ಇಷ್ಟೇ ಸಾಕು ಅನ್ನುವುದಾದರೆ ಇಲ್ಲಿಗೇ ನಿಲ್ಲಿಸಬಹುದು. ಆದರೆ ‘ಇಷ್ಟು ಸಿಟ್ಟು ಬೇಕಾ’ ಅಂತ ಕೇಳಿದ್ದೀರಲ್ಲ, ಅದಕ್ಕೆ ಸ್ವಲ್ಪ ಹಿಂದಿನ ಕತೆ ಹೇಳಬೇಕು.

ಈ ಆಟದ ಹುಟ್ಟೇ ವಿಚಿತ್ರ. ಬ್ರೆಜಿಲ್‌ನ ಫೆಲಿಪೆ ಫಲಾಂಗೆ ಹುಡುಗನಾಗಿದ್ದಾಗ ತಗಡಿನ ಹಾಳೆಯಲ್ಲಿ ಪುಟ್ಟ ಗೊಂಬೆ ಮಾಡಿ ಪಟಾಕಿ ರಾಕೆಟ್ಟಿಗೆ ಕಟ್ಟಿ ಹಾರಿಸುತ್ತಿದ್ದರಂತೆ. ಆ ಗೊಂಬೆಗಳಿಗೆ ಇಟ್ಟ ಹೆಸರು ಕೆರ್ಬಲ್. ದೊಡ್ಡವರಾದ ಮೇಲೆ ಮೆಕ್ಸಿಕೋದ ಸ್ಕ್ವಾಡ್ ಎಂಬ ಕಂಪನಿ ಸೇರಿದರು. ಅದು ಆಟ ಮಾಡುವ ಕಂಪನಿಯೇ ಅಲ್ಲ, ಜಾಹೀರಾತು ಮತ್ತು ಮಾರ್ಕೆಟಿಂಗ್ ಕೆಲಸದ್ದು. ಕೆಲಸ ಬಿಟ್ಟು ಆಟ ಮಾಡುತ್ತೇನೆ ಅಂದಾಗ ಮಾಲೀಕರು ‘ಇಲ್ಲೇ ಕೂತು ಮಾಡು’ ಅಂದರು. ಹಾಗೆ 2011ರ ಜೂನ್‌ನಲ್ಲಿ ಮೊದಲ ಆವೃತ್ತಿ ಹೊರಗೆ ಬಂತು.

ಅದರಲ್ಲಿ ಏನಿತ್ತು ಗೊತ್ತಾ? ಏನೂ ಇರಲಿಲ್ಲ. ಕೆರ್ಬಿನ್ ಅನ್ನುವ ಒಂದು ಗ್ರಹ, ಒಂದಷ್ಟು ಟ್ಯಾಂಕು, ಎಂಜಿನ್ನು. ಜೋಡಿಸು, ಹಾರಿಸು, ಬೀಳಿಸು. ಹೋಗೋಣ ಅಂದರೆ ಚಂದ್ರನೂ ಇರಲಿಲ್ಲ. ‘ಮುನ್’ ಎಂಬ ಚಂದ್ರ ಆಮೇಲೆ ಬಂತು. ಬೇರೆ ಗ್ರಹಗಳು ಇನ್ನೂ ಆಮೇಲೆ. ಹೀಗೆ ಕಂತು ಕಂತಾಗಿ ಬೆಳೆದು 2015ರ ಏಪ್ರಿಲ್‌ನಲ್ಲಿ ಪೂರ್ತಿ ಆಯಿತು. ಮೊದಮೊದಲು ಪುಕ್ಕಟೆ ಸಿಗುತ್ತಿತ್ತು. ಆಮೇಲೂ ಆಟ ಬೆಳೆದಂತೆ ಬೆಲೆ ಬೆಳೆಯಿತು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಟದ ಒಳಗಿನ ಭೌತಶಾಸ್ತ್ರ ಮಾತ್ರ ಸುಮ್ನೆ ತೋರಿಕೆಯದ್ದಲ್ಲ. ಕೆರ್ಬಿನ್ನಿನ ತ್ರಿಜ್ಯ ಬರೀ 600 ಕಿ.ಮೀ., ನಮ್ಮ ಭೂಮಿಯ ಹತ್ತನೇ ಒಂದು ಪಾಲಿಗಿಂತಲೂ ಕಡಿಮೆ. ಆದರೆ ಮೇಲ್ಮೈ ಗುರುತ್ವ ಭೂಮಿಯಷ್ಟೇ. ಹಾಗಾಗಿ ಕಕ್ಷೆ ಸೇರಲು ಸೆಕೆಂಡಿಗೆ ಸುಮಾರು 3,400 ಮೀಟರ್ ವೇಗ ಗಳಿಸುವಷ್ಟು ಇಂಧನ ಇದ್ದರೆ ಸಾಕು. ಭೂಮಿಯಿಂದಾದರೆ 9,000ದ ಮೇಲೆ ಬೇಕು. ಹೈಸ್ಕೂಲ್ ಹುಡುಗ ಒಂದು ಸಂಜೆಯಲ್ಲಿ ಕಕ್ಷೆ ಸೇರುವ ಹಾಗೆ ಜಗತ್ತನ್ನೇ ಕುಗ್ಗಿಸಿದ್ದಾರೆ, ನಿಯಮಗಳನ್ನು ಕುಗ್ಗಿಸಿಲ್ಲ.

ನನ್ನ ಕತೆ ಹೇಳುತ್ತೇನೆ. ಮೊದಲ ಸಲ ಮುನ್‌ಗೆ ಹೋದಾಗ ಬಲು ಜಾಣತನದಿಂದ ಪ್ಯಾರಾಶೂಟ್ ತಗೊಂಡು ಹೋಗಿದ್ದೆ. ಒಂದಲ್ಲ, ಮೂರು. ಕೆಳಗೆ ಬೂದು ಬಣ್ಣದ ನೆಲ ದೊಡ್ಡದಾಗುತ್ತಾ ಬಂತು. ಸ್ಪೇಸ್ ಬಾರ್ ಒತ್ತಿದೆ. ಪ್ಯಾರಾಶೂಟ್ ಪ್ರಯೋಜನಕ್ಕೆ ಬರಲಿಲ್ಲ. ಬರುವುದಾದರೂ ಹೇಗೆ? ಮುನ್‌ನಲ್ಲಿ ಗಾಳಿಯೇ ಇಲ್ಲ. ಪಿಯುಸಿಯಲ್ಲಿ ಭೌತಶಾಸ್ತ್ರಕ್ಕೆ ಒಳ್ಳೆಯ ಅಂಕ ತೆಗೆದವನು ನಾನು! ನೆಲಕ್ಕೆ ಬಡಿದ ಮೇಲೆ ಪರದೆಯಲ್ಲಿ ಒಂದು ಪಟ್ಟಿ ಬಂತು. ಎಷ್ಟನೇ ನಿಮಿಷ, ಎಷ್ಟನೇ ಸೆಕೆಂಡಿಗೆ ಯಾವ ಭಾಗ ಯಾವುದಕ್ಕೆ ಬಡಿದು ಪುಡಿಯಾಯಿತು ಅಂತ. ಓದಿ ಒಬ್ಬನೇ ನಕ್ಕೆ. ಎರಡನೇ ಸಲ ಎಂಜಿನ್ ಉರಿಸಿಯೇ ಇಳಿದೆ. ಆದರೆ ನೌಕೆ ಅಡಿಕೆ ಮರದ ಹಾಗೆ ಉದ್ದ, ಸಪೂರ. ಇಳಿಜಾರಿನಲ್ಲಿ ಕಾಲೂರಿ ಮೆಲ್ಲಗೆ ವಾಲಿ ಮಲಗಿಬಿಟ್ಟಿತು. ಮೂರನೇ ಸಲ ಅಗಲ ಕಾಲಿನ ಗಿಡ್ಡ ನೌಕೆ ಕಟ್ಟಿದೆ.

ಈ ಆಟದ ಜೀವ ಇರುವುದೇ ಇಲ್ಲಿ. ಬೀಳುವುದೇ ಆಟ. ಬಿದ್ದಾಗಲೆಲ್ಲ ಯಾಕೆ ಬಿತ್ತು ಅಂತ ಗೊತ್ತಾಗುತ್ತದೆ, ತಪ್ಪು ನನ್ನದೇ ಅಂತಲೂ ಗೊತ್ತಾಗುತ್ತದೆ. ಇಷ್ಟು ತಾಳ್ಮೆ ಕಲಿಸಿದ ಆಟದ ಅಭಿಮಾನಿಗಳೇ ಎರಡನೇ ಭಾಗಕ್ಕೆ ತಾಳ್ಮೆ ಕಳೆದುಕೊಂಡರು ಅಂದರೆ ಅದರ ಹಿಂದೆ ಏನೋ ಇರಲೇಬೇಕು, ಅಲ್ವಾ?

2017ರಲ್ಲಿ ಅಮೆರಿಕದ ದೊಡ್ಡ ಪ್ರಕಾಶಕ ಕಂಪನಿ ಟೇಕ್-ಟೂ ಈ ಆಟದ ಹಕ್ಕನ್ನು ಕೊಂಡಿತು. 2019ರ ಆಗಸ್ಟ್‌ನಲ್ಲಿ ಜರ್ಮನಿಯ ಗೇಮ್ಸ್‌ಕಾಮ್ ಮೇಳದಲ್ಲಿ ಎರಡನೇ ಭಾಗ ಘೋಷಣೆಯಾಯಿತು. ಟ್ರೇಲರ್ ಎಷ್ಟು ಚಂದ ಇತ್ತೆಂದರೆ, ನಾನು ಅದನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಬೇರೆ ಗ್ರಹಗಳಲ್ಲಿ ಕಾಲೊನಿ ಕಟ್ಟಬಹುದು, ಬೇರೆ ನಕ್ಷತ್ರಗಳಿಗೆ ಹೋಗಬಹುದು, ಗೆಳೆಯರ ಜೊತೆ ಸೇರಿ ಆಡಬಹುದು ಅಂದರು. ಬಿಡುಗಡೆ 2020ರಲ್ಲಿ ಅಂತಲೂ ಅಂದರು. ಆದರೆ ಟ್ರೇಲರಿನಲ್ಲಿ ಇದ್ದದ್ದು ಆಟದ ದೃಶ್ಯವಲ್ಲ, ಬೇರೆಯಾಗಿ ಮಾಡಿದ ಅನಿಮೇಷನ್.

ಆಮೇಲೆ ಒಳಗೆ ಗಲಾಟೆ ಶುರು. ಆಟ ಮಾಡುತ್ತಿದ್ದದ್ದು ಸಿಯಾಟಲ್ ಹತ್ತಿರದ ಸ್ಟಾರ್ ಥಿಯರಿ ಎಂಬ ಸಣ್ಣ ಸ್ಟುಡಿಯೋ. ಘೋಷಣೆಯಾಗಿ ನಾಲ್ಕೇ ತಿಂಗಳಿಗೆ ಟೇಕ್-ಟೂ ಆ ಗುತ್ತಿಗೆ ರದ್ದು ಮಾಡಿತು. ಇಂಟರ್‌ಸೆಪ್ಟ್ ಗೇಮ್ಸ್ ಅಂತ ತನ್ನದೇ ಸ್ಟುಡಿಯೋ ತೆರೆದು, ಸ್ಟಾರ್ ಥಿಯರಿಯ ಕೆಲಸಗಾರರನ್ನು ‘ಬನ್ನಿ’ ಅಂತ ಕರೆಯಿತು. ಮೂರರಲ್ಲಿ ಒಂದು ಪಾಲಿಗೂ ಹೆಚ್ಚು ಜನ ಹೋದರು. 2020ರ ಮಾರ್ಚ್‌ನಲ್ಲಿ ಹಳೆಯ ಸ್ಟುಡಿಯೋ ಬಾಗಿಲು ಹಾಕಿತು. ಅದೇ ಹೊತ್ತಿಗೆ ಕೊರೋನಾ. ಬಿಡುಗಡೆ 2021ಕ್ಕೆ ಹೋಯಿತು, 2022 ಆಯಿತು, ಕೊನೆಗೆ 2023.

ಮನೆ ಕಟ್ಟುವಾಗ ಅರ್ಧಕ್ಕೆ ಮೇಸ್ತ್ರಿ ಬದಲಾದರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಹಳೆಯ ಮೇಸ್ತ್ರಿ ಗೋಡೆಯೊಳಗೆ ಪೈಪ್ ಎಲ್ಲಿ ಬಿಟ್ಟಿದ್ದಾನೋ ಹೊಸಬನಿಗೆ ಗೊತ್ತಿರುವುದಿಲ್ಲ. ಸಾಫ್ಟ್‌ವೇರ್ ಇದಕ್ಕಿಂತ ಕಷ್ಟ.

2023ರ ಫೆಬ್ರವರಿ 24ಕ್ಕೆ ಆಟ ಬಂತು. ಪೂರ್ತಿಯಾಗಿ ಅಲ್ಲ, ‘ಅರ್ಲಿ ಆಕ್ಸೆಸ್’ ಅಂತ. ಅಂದರೆ ಇನ್ನೂ ಬೇಯುತ್ತಿರುವ ಅಡುಗೆ, ಬೇಕಾದವರು ಈಗಲೇ ಬಡಿಸಿಕೊಳ್ಳಿ ಎಂದ ಹಾಗೆ. ಬೆಲೆ 50 ಡಾಲರ್. ಕಾಲೊನಿ ಇಲ್ಲ. ಬೇರೆ ನಕ್ಷತ್ರ ಇಲ್ಲ. ಜೊತೆಗೂಡಿ ಆಡುವ ಸೌಲಭ್ಯ ಇಲ್ಲ. ಮೊದಲ ಭಾಗದಲ್ಲೇ ಇದ್ದ ವಿಜ್ಞಾನ ಸಂಶೋಧನೆಯ ಆಟವೂ ಇಲ್ಲ. ಮದುವೆ ಮನೆಯಲ್ಲಿ ಎಲೆ ಹಾಕಿ, ಉಪ್ಪು, ಉಪ್ಪಿನಕಾಯಿ ಬಡಿಸಿ, ‘ಅನ್ನ, ಸಾರು, ಹೋಳಿಗೆ ಒಂದೊಂದೇ ಬರುತ್ತೆ, ಕೂತಿರಿ’ ಅಂದಂತೆ. ಮುಯ್ಯಿಯನ್ನು ಮಾತ್ರ ಬಾಗಿಲಲ್ಲೇ ಇಸಕೊಂಡಿದ್ದಾರೆ!

ಮೊದಲ ಭಾಗವೂ ಅರೆಬೆಂದದ್ದೇ ಅಲ್ವಾ ಅಂತ ನೀವು ಕೇಳಬಹುದು. ಹೌದು. ಆದರೆ ಅದು ಪುಕ್ಕಟೆ ಕೊಟ್ಟ ರುಚಿ. ಯಾರೂ ಏನೂ ಮಾತು ಕೊಟ್ಟಿರಲಿಲ್ಲ, ಹಾಗಾಗಿ ಬಂದದ್ದೆಲ್ಲ ಲಾಭವೇ. ಮುನ್ ಬಂದ ದಿನ ಹಬ್ಬ. ಎರಡನೆಯದಕ್ಕೆ ಮೂರೂವರೆ ವರ್ಷದಿಂದ ಮಾತು ಕೊಟ್ಟಿದ್ದರು. ಇಲ್ಲಿ ಬರದೇ ಇದ್ದದ್ದೆಲ್ಲ ನಷ್ಟದ ಲೆಕ್ಕಕ್ಕೆ ಹೋಯಿತು.

ಇನ್ನು ಕಂಪ್ಯೂಟರ್ ವಿಷಯ. ಬಿಡುಗಡೆಗೆ ಒಂದು ವಾರ ಇರುವಾಗ ಯಂತ್ರ ಎಂಥದ್ದು ಬೇಕು ಅಂತ ಹೇಳಿದರು. ಪರದೆಯ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಕನಿಷ್ಠ ಆರ್‌ಟಿಎಕ್ಸ್ 2060 ಇರಬೇಕು, ಚೆನ್ನಾಗಿ ಆಡಬೇಕೆಂದರೆ ಅದಕ್ಕಿಂತ ಬಲವಾದ ಆರ್‌ಟಿಎಕ್ಸ್ 3080. ಮೊದಲ ಆಟ ಸಾಧಾರಣ ಲ್ಯಾಪ್‌ಟಾಪಿನಲ್ಲಿ ಓಡುತ್ತಿತ್ತು. ಶಾಲೆ, ಕಾಲೇಜಿನ ಮಕ್ಕಳೂ ಅದನ್ನು ಆಡುತ್ತಿದ್ದರು. ಆ ಮಕ್ಕಳಿಗೆ ಬಾಗಿಲಲ್ಲೇ ‘ಒಳಗೆ ಬರಬೇಡಿ’ ಅಂದಂತಾಯಿತು. ಅಂಥ ಕಾರ್ಡ್ ಇದ್ದವರಿಗೂ ಆಟ ಕುಂಟುತ್ತಲೇ ಸಾಗಿತು.

ದೋಷಗಳ ಪಟ್ಟಿ ಮಾಡಲು ಹೋಗುವುದಿಲ್ಲ, ಅದು ಮುಗಿಯುವ ಮಾತಲ್ಲ. ಎರಡು ಮಾತ್ರ ಹೇಳುತ್ತೇನೆ. ನೀವು ವಿಜ್ಞಾನದ ಟೀಚರ್ ಆದ್ದರಿಂದ ನಿಮಗೆ ರುಚಿಸಬಹುದು.

ಒಂದು, ಅಲುಗಾಡುವ ರಾಕೆಟ್. ಈ ಆಟದಲ್ಲಿ ಒಂದು ಟ್ಯಾಂಕಿಗೂ ಇನ್ನೊಂದಕ್ಕೂ ನಡುವಿನ ಬೆಸುಗೆಯನ್ನು ಕಂಪ್ಯೂಟರ್ ಒಂದು ಸ್ಪ್ರಿಂಗ್ ಅಂತ ಲೆಕ್ಕ ಹಾಕುತ್ತದೆ. ಎರಡು ಮೂರು ಟ್ಯಾಂಕ್ ಇದ್ದರೆ ಏನೂ ಗೊತ್ತಾಗದು. ಇಪ್ಪತ್ತು ಪೇರಿಸಿದರೆ ಇಡೀ ರಾಕೆಟ್ ಬೇಯಿಸಿದ ಶ್ಯಾವಿಗೆಯ ಹಾಗೆ ಬಳುಕುತ್ತದೆ. ಮೊದಲ ಭಾಗದಲ್ಲೂ ಈ ಕಾಟ ಇತ್ತು. ಕಂಬಿ ಕಟ್ಟಿ ಬಿಗಿ ಮಾಡುತ್ತಿದ್ದರು, ಆಮೇಲೆ ತಾನಾಗಿ ಬಿಗಿಯುವ ಸೌಲಭ್ಯವೂ ಬಂತು. ಹತ್ತು ವರ್ಷ ಕಳೆದು ಬಂದ ಹೊಸ ಆಟದಲ್ಲಿ ಅದೇ ಶ್ಯಾವಿಗೆ ಮತ್ತೆ ಬಂದಾಗ ಜನ ಹಣೆ ಚಚ್ಚಿಕೊಂಡರು. ಕೆಲವು ಹಳಬರು ‘ಅಲುಗಾಡಿದರೇನೇ ಕೆರ್ಬಲ್, ಅದೇ ಅದರ ಸೊಗಸು’ ಅಂತ ವಾದ ಹೂಡಿದರು. ಈ ಜಗಳ ತಿಂಗಳುಗಟ್ಟಲೆ ನಡೆಯಿತು. ನನ್ನ ಮಟ್ಟಿಗೆ, ಸೊಗಸು ಒಂದು ಹಂತದವರೆಗೆ ಮಾತ್ರ.

ಎರಡನೆಯದು ಇದಕ್ಕಿಂತ ಗಂಭೀರ. ಎಂಜಿನ್ ಆರಿಸಿ ಕಕ್ಷೆಯಲ್ಲಿ ಸುಮ್ನೆ ತೇಲುತ್ತಿರುವ ನೌಕೆಯ ಕಕ್ಷೆ ತಾನಾಗಿಯೇ ಬದಲಾಗುತ್ತಿತ್ತು. ಗಾಳಿಯಿಲ್ಲ, ಗುರುತ್ವ ಬಿಟ್ಟರೆ ಬೇರೆ ಬಲವಿಲ್ಲ, ಆದರೂ ಬದಲು. ನೀವು ಎಂಟನೇ ಕ್ಲಾಸಿಗೋ ಒಂಬತ್ತನೇ ಕ್ಲಾಸಿಗೋ ಪಾಠ ಮಾಡುವ ನ್ಯೂಟನ್ನಿನ ನಿಯಮಗಳೇ ಅಲ್ಲಿ ಕೈಕೊಟ್ಟಿದ್ದವು.

ಮೊದಲ ಆಟದಲ್ಲಿ ರಾಕೆಟ್ ಬಿದ್ದರೆ ‘ಓ, ನಾನು ಪ್ಯಾರಾಶೂಟ್ ತಗೊಂಡು ಚಂದ್ರನಿಗೆ ಹೋದೆ’ ಅಂತ ನಗಬಹುದಿತ್ತು. ಎರಡನೆಯದರಲ್ಲಿ ಬಿದ್ದರೆ ತಪ್ಪು ನನ್ನದಾ, ಆಟದ್ದಾ ಅಂತಲೇ ತಿಳಿಯದು. ಕಲಿಯಲು ಏನೂ ಇಲ್ಲ. ಮತ್ತೆ ಕಟ್ಟಿ ಹಾರಿಸಿದರೂ ಅದೇ ಆಗಬಹುದು. ಬಣ್ಣ ಚೆನ್ನಾಗಿತ್ತು, ಸಂಗೀತ ಚೆನ್ನಾಗಿತ್ತು, ಎಂಜಿನ್ನಿನ ಸದ್ದು ಕೇಳಿದರೆ ಮೈ ಜುಂ ಅನ್ನುತ್ತಿತ್ತು. ಆದರೆ ಸೋಲಿನಲ್ಲಿ ಇದ್ದ ಸುಖ ಹೋಗಿತ್ತು. ಅಭಿಮಾನಿಗಳ ಸಿಟ್ಟಿನ ಬೇರು ಇದೇ ಅಂತ ನನ್ನ ಲೆಕ್ಕ. 50 ಡಾಲರ್ ಆಮೇಲಿನ ಮಾತು.

ಸಿಟ್ಟು ಹೊರಗೆ ಬಂದ ಬಗೆಯೂ ಒಂದೇ ಥರ ಇರಲಿಲ್ಲ. ಮೊದಲ ವಾರ ಬಹಳ ಜನ ಬೈಯಲೇ ಇಲ್ಲ, ತಮಾಷೆ ಮಾಡಿದರು. ಬಳುಕುವ ರಾಕೆಟ್ಟಿನ ವಿಡಿಯೋಗಳಿಗೆ ಲೆಕ್ಕವಿಲ್ಲ. ಇನ್ನು ಕೆಲವರು ಕೂತು ದೋಷಗಳನ್ನು ಪಟ್ಟಿ ಮಾಡಿ, ಹೀಗೆ ಮಾಡಿದರೆ ಹೀಗಾಗುತ್ತದೆ ಅಂತ ಹಂತ ಹಂತವಾಗಿ ಬರೆದು ಕಳಿಸಿದರು. ಸಂಬಳವಿಲ್ಲದ ಕೆಲಸ ಅದು. ಬಹುಪಾಲು ಜನ ಸದ್ದಿಲ್ಲದೆ ಹಳೆಯ ಆಟಕ್ಕೆ ವಾಪಸಾದರು. ಕೆಲವೇ ವಾರಗಳಲ್ಲಿ ಹೊಸದಕ್ಕಿಂತ ಹಳೆಯದನ್ನು ಆಡುವವರೇ ಜಾಸ್ತಿ ಆದರು. ಒಂದು ಉತ್ತರಭಾಗಕ್ಕೆ ಇದಕ್ಕಿಂತ ದೊಡ್ಡ ಬೈಗುಳ ಇನ್ನೇನಿದೆ?

ಕೊಳಕು ಮಾತೂ ಬಂತು. ತಂಡದ ಒಬ್ಬೊಬ್ಬರ ಹೆಸರು ಹಿಡಿದು ಸುಳ್ಳುಗಾರ, ಕಳ್ಳ ಅಂದವರಿದ್ದರು. ಅದನ್ನು ನಾನು ಒಪ್ಪುವುದಿಲ್ಲ. ಬಿಡುಗಡೆಯ ದಿನ ಗೊತ್ತು ಮಾಡುವವರು ಬೇರೆ, ರಾತ್ರಿ ಕೂತು ಕೋಡ್ ತಿದ್ದುವವರು ಬೇರೆ. ಬೈಗುಳ ಬಿದ್ದದ್ದು ಮಾತ್ರ ಎದುರಿಗೆ ಸಿಕ್ಕವರ ಮೇಲೆ. ಬಸ್ಸು ತಡವಾದರೆ ಕಂಡಕ್ಟರಿಗೆ ಬೈಯುತ್ತೇವಲ್ಲ, ಹಾಗೆ.

ಆ ತಂಡ ಕೈಚೆಲ್ಲಿ ಕೂತಿರಲಿಲ್ಲ ಅನ್ನುವುದನ್ನೂ ಹೇಳಬೇಕು. 2023ರ ಡಿಸೆಂಬರ್ 19ಕ್ಕೆ ‘ಫಾರ್ ಸೈನ್ಸ್’ ಅಂತ ದೊಡ್ಡ ಅಪ್‌ಡೇಟ್ ಬಂತು. ಸಂಶೋಧನೆಯ ಆಟ ಸೇರಿತು, ವೇಗ ಸುಧಾರಿಸಿತು, ಶ್ಯಾವಿಗೆ ಗಟ್ಟಿಯಾಯಿತು. ಮುನಿಸಿಕೊಂಡು ಹೋದವರಲ್ಲಿ ಕೆಲವರು ಮರಳಿ ಬಂದರು. ಆಟಗಳನ್ನು ಮಾರುವ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಹೊಸ ವಿಮರ್ಶೆಗಳು ಒಳ್ಳೆಯ ಕಡೆಗೆ ತಿರುಗಿದವು. ಇನ್ನೇನು ಕಾಲೊನಿ ಬರುತ್ತದೆ ಅಂತ ಎಲ್ಲರೂ ಕಾದರು.

2024ರ ಮೇ ಹೊತ್ತಿಗೆ ಸುದ್ದಿ ಬೇರೆಯೇ ಬಂತು. ಟೇಕ್-ಟೂ ಖರ್ಚು ಕಡಿಮೆ ಮಾಡಲು ಹೊರಟಿತ್ತು. ಸಿಯಾಟಲ್‌ನಲ್ಲಿ 70 ಜನರ ಕೆಲಸ ಹೋಗಲಿದೆ ಅಂತ ಸರ್ಕಾರಕ್ಕೆ ಕೊಡಬೇಕಾದ ನೋಟಿಸಿನಿಂದ ಹೊರಬಿತ್ತು. ಕಂಪನಿಯ ಮುಖ್ಯಸ್ಥರು ಸ್ಟುಡಿಯೋ ಮುಚ್ಚಿಲ್ಲ ಅಂದರು. ಮುಚ್ಚಿಲ್ಲ ಸರಿ, ಒಳಗೆ ಯಾರಿದ್ದಾರೆ ಅಂತ ಜನ ಕೇಳಿದರು. ಅದೇ ವರ್ಷ ನವೆಂಬರಿನಲ್ಲಿ ಈ ಆಟ ನೋಡಿಕೊಳ್ಳುತ್ತಿದ್ದ ಪ್ರೈವೇಟ್ ಡಿವಿಷನ್ ವಿಭಾಗವನ್ನೇ ಟೇಕ್-ಟೂ ಮಾರಿದ ಸುದ್ದಿ ಬಂತು. ಕಾಲೊನಿ ಬರಲಿಲ್ಲ. ನಕ್ಷತ್ರವೂ ಬರಲಿಲ್ಲ.

ಇಷ್ಟೆಲ್ಲ ಆದರೂ ಆಟ ಮಾರಾಟಕ್ಕೆ ಇತ್ತು! ವಿಮರ್ಶೆ ಪುಟದಲ್ಲಿ ಎಲ್ಲರೂ ಒಂದೇ ದನಿಯಲ್ಲಿ ‘ಕೊಳ್ಳಬೇಡಿ’ ಅಂತ ಬರೆಯತೊಡಗಿದ್ದು ಆಗ. ನೀವು ಓದಿದ ಬೈಗುಳದಲ್ಲಿ ಹೆಚ್ಚಿನದು ಆ ಕಾಲದ್ದೇ ಇರಬೇಕು. ನನಗೆ ಅದು ದ್ವೇಷ ಅನ್ನಿಸುವುದಿಲ್ಲ. ರಸ್ತೆಯಲ್ಲಿ ಗುಂಡಿ ಬಿದ್ದಿದ್ದರೆ ಯಾರೋ ಪುಣ್ಯಾತ್ಮರು ಒಂದು ಸೊಪ್ಪಿನ ಕೊಂಬೆ ನೆಟ್ಟು ಹೋಗಿರುತ್ತಾರಲ್ಲ, ಹಿಂದೆ ಬರುವವರು ಬೀಳದಿರಲಿ ಅಂತ. ಅಂಥ ಕೊಂಬೆಗಳು ಅವು. ನೀವು ನೋಡಿ ಗಾಡಿ ನಿಲ್ಲಿಸಿ ನನಗೆ ಪತ್ರ ಬರೆದಿರಿ. ಕೊಂಬೆ ತನ್ನ ಕೆಲಸ ಮಾಡಿತು.

ಮಗನಿಗೆ ಇದನ್ನೂ ತಿಳಿಸಿ. ಸ್ಟೀಮ್‌ನಲ್ಲಿ ಯಾವ ಆಟವನ್ನೇ ಆಗಲಿ ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಕೇಳಬಹುದು. ಆದರೆ ರಾಕೆಟ್ ಕಟ್ಟುವ ಆಟದಲ್ಲಿ ಎರಡು ಗಂಟೆ ಅನ್ನುವುದು ಟ್ಯಾಂಕಿಗೆ ಬಣ್ಣ ಆರಿಸುವುದರಲ್ಲೇ ಕಳೆದುಹೋಗುತ್ತದೆ, ಗಡಿಯಾರದ ಮೇಲೆ ಒಂದು ಕಣ್ಣಿರಲಿ. ಮತ್ತೆ, ‘ಅರ್ಲಿ ಆಕ್ಸೆಸ್’ ಅಂತ ಬರೆದಿದ್ದರೆ ಇವತ್ತು ಏನಿದೆಯೋ ಅಷ್ಟಕ್ಕೆ ಮಾತ್ರ ದುಡ್ಡು ಕೊಡಬೇಕು. ನಾಳೆ ಬರುತ್ತದೆ ಅಂದದ್ದಕ್ಕೆ ನಾಳೆಯೇ ಕೊಡೋಣ. ಬಹಳ ದಿನದಿಂದ ಅಪ್‌ಡೇಟ್ ಬಾರದ ಅರ್ಲಿ ಆಕ್ಸೆಸ್ ಆಟಗಳ ಪುಟದಲ್ಲಿ ಈಗ ಸ್ಟೀಮ್ ತಾನೇ ಒಂದು ಎಚ್ಚರಿಕೆ ಹಾಕುತ್ತದೆ, ಅದನ್ನೂ ಓದಲಿ.

ಹೊಸದೇ ಬೇಕು ಅಂದರೆ ನ್ಯೂಜಿಲೆಂಡಿನ ರಾಕೆಟ್‌ವರ್ಕ್ಸ್ ಎಂಬ ಸ್ಟುಡಿಯೋ ‘ಕಿಟನ್ ಸ್ಪೇಸ್ ಏಜೆನ್ಸಿ’ ಅಂತ ಒಂದು ಆಟ ಮಾಡುತ್ತಿದೆ. ಕೆರ್ಬಲ್ ಎಂಬ ಹಸಿರು ಗೊಂಬೆಗಳ ಬದಲು ಬೆಕ್ಕಿನ ಮರಿಗಳು. ತಗಡಿನ ಗೊಂಬೆ ಹಾರಿಸಿದ ಫಲಾಂಗೆಯೇ ಆ ತಂಡದಲ್ಲಿ ಇದ್ದಾರೆ. ನನಗೂ ಆಸೆ ಇದೆ. ಆದರೆ ಮೇಲೆ ಹೇಳಿದ ನಿಯಮ ಅದಕ್ಕೂ ಅನ್ವಯ.

ಸದ್ಯಕ್ಕೆ ಮೊದಲ ಭಾಗ. ‘ಹಳೇದು’ ಅಂತ ಮೂಗು ಮುರಿದರೆ, ಅದಕ್ಕೆ ಅಭಿಮಾನಿಗಳೇ ಮಾಡಿದ ಮಾಡ್‌ಗಳಿವೆ, ಅಂದರೆ ಆಟಕ್ಕೆ ಸೇರಿಸಿಕೊಳ್ಳುವ ಹೆಚ್ಚುವರಿ ಭಾಗಗಳಿವೆ ಅನ್ನಿ. ಪುಕ್ಕಟೆ ಸಿಗುತ್ತವೆ. ಕೆರ್ಬಿನ್ ಬದಲು ನಿಜವಾದ ಸೌರಮಂಡಲವನ್ನೇ ನಿಜವಾದ ಅಳತೆಯಲ್ಲಿ ಕೂರಿಸುವ ಮಾಡ್ ಕೂಡ ಇದೆ. ಅದನ್ನು ಹಾಕಿಕೊಂಡ ಮೊದಲ ದಿನ ಕಕ್ಷೆ ಸೇರಲು ನನಗೆ ಆಗಲೇ ಇಲ್ಲ. ಜಂಬ ಇಳಿಯಿತು.

ಕೊಡಿಸಿದ ಮೇಲೆ ಒಂದು ಹೋಮ್‌ವರ್ಕ್ ಕೊಡಿ. ಚಂದ್ರಯಾನ-3 ಅನ್ನು 2023ರ ಜುಲೈ 14ಕ್ಕೆ ಹಾರಿಸಿದಾಗ ನೇರ ಚಂದ್ರನತ್ತ ಕಳಿಸಲಿಲ್ಲ. ಭೂಮಿಗೆ ಹತ್ತಿರ 170 ಕಿ.ಮೀ., ದೂರಕ್ಕೆ 36,500 ಕಿ.ಮೀ. ಇದ್ದ ಮೊಟ್ಟೆಯಾಕಾರದ ಕಕ್ಷೆಯಲ್ಲಿ ಬಿಟ್ಟರು. ನೌಕೆ ಭೂಮಿಗೆ ಹತ್ತಿರ ಬಂದಾಗ ಸ್ವಲ್ಪ ಹೊತ್ತು ಎಂಜಿನ್ ಉರಿಸಿದರು. ಆಚೆ ತುದಿ ಮೇಲೆ ಹೋಯಿತು. ಹೀಗೆ ಐದು ಸಲ. ಐದನೆಯದಕ್ಕೆ ಆಚೆ ತುದಿ ಒಂದು ಲಕ್ಷದ 27 ಸಾವಿರ ಕಿ.ಮೀ. ದಾಟಿತ್ತು. ನೌಕೆಗಳ ಜಾಡು ಹಿಡಿದು ನಿಯಂತ್ರಿಸುವ, ಇಸ್ರೋದ ಬೆಂಗಳೂರಿನ ಇಸ್ಟ್ರಾಕ್ ಕೇಂದ್ರದಲ್ಲಿ ಕೂತು ಇದನ್ನೆಲ್ಲ ನಡೆಸಿದರು. ದೊಡ್ಡ ರಾಕೆಟ್ ಇಲ್ಲದಿದ್ದಾಗ ಹಿಡಿಯುವ ದಾರಿ ಇದು.

ಮಗ ಇದನ್ನೇ ಮಾಡಲಿ. ಒಂದು ಸಣ್ಣ ಎಂಜಿನ್ನಿನ ನೌಕೆಯನ್ನು ಕೆರ್ಬಿನ್ ಸುತ್ತ 100 ಕಿ.ಮೀ. ಎತ್ತರದಲ್ಲಿ ಇಟ್ಟು, ಪ್ರತಿ ಸುತ್ತಿಗೂ ಹತ್ತಿರದ ತುದಿಯಲ್ಲಿ ಮಾತ್ರ ಸ್ವಲ್ಪ ಸ್ವಲ್ಪ ಉರಿಸಿ, ಆಚೆ ತುದಿಯನ್ನು ಸುಮಾರು 11,400 ಕಿ.ಮೀ. ಎತ್ತರಕ್ಕೆ ಏರಿಸಲಿ. ಮುನ್ ಇರುವುದು ಅಲ್ಲೇ. ಒಟ್ಟು ಸೆಕೆಂಡಿಗೆ 840 ಮೀಟರ್ ಆಸುಪಾಸು ಹೆಚ್ಚುವರಿ ವೇಗ ಬೇಕಾಗುತ್ತದೆ. ಒಂದೇ ಸಲ ಉರಿಸಿದರೆ ಎಷ್ಟು, ಐದು ಸಲಕ್ಕೆ ಎಷ್ಟು ಅಂತ ಅವನೇ ಲೆಕ್ಕ ಬರೆದು ನಿಮಗೆ ತೋರಿಸಲಿ.

ಇಳಿಯುವಾಗ ಪ್ಯಾರಾಶೂಟ್ ಬೇಡ ಅಂತ ಮಾತ್ರ ಮೊದಲೇ ಹೇಳಿಕೊಡಬೇಡಿ.